ಪದಕದ ಅಂಚು: ನಾಗಪುರದ ಕಾಳಗವೂ ಸಾಮಾನ್ಯ ಸಿಪಾಯಿಯ ಸೇವಾಜೀವನವೂ

1

ನಾಗಪುರದ ಹಳೆಯ ಪೇಟೆಗಳಲ್ಲಿ ಕೆಲವು ವಾರದ ದಿನಗಳ ಹೆಸರನ್ನು ಹೊತ್ತಿವೆ. ಮಂಗಳವಾರಿ, ಬುಧವಾರಿ, ಶುಕ್ರವಾರಿಗಳಂತೆಯೇ ಭಾನುವಾರದ ಸಂತೆಯಿಂದ ಹೆಸರು ಪಡೆದದ್ದು ಇತವಾರಿ. ಉತ್ತರ ಕರ್ನಾಟಕದ ಆಡುಮಾತಿನಲ್ಲಿರುವ ಐತವಾರ, ನಮ್ಮ ಶಾಸನಗಳ ಕಾಲಸೂಚನೆಯಲ್ಲಿ ಬರುವ ಆದಿತ್ಯವಾರ, ಈ ಇತವಾರಿ ಇವು ಮೂರಕ್ಕೂ ಮೂಲ ಒಂದೇ. ಇಂದು ಇತವಾರಿಯೆಂದರೆ ಸಗಟು ವ್ಯಾಪಾರದ ಕೇರಿ. ಅದರೊಳಗೆ ಬೆಳ್ಳಿಬಂಗಾರದ ಸರಾಫಾ ಬಜಾರು. ಇಲ್ಲಿಂದ ಪಶ್ಚಿಮಕ್ಕೆ ಹೊರಟರೆ ಸ್ವಲ್ಪ ದೂರದಲ್ಲೇ ಸೀತಾಬರ್ಡಿಯ ಜೋಡಿಗುಡ್ಡಗಳು ಎದುರಾಗುತ್ತವೆ. 1817ರ ನವೆಂಬರ್ ತಿಂಗಳಲ್ಲಿ ಅಲ್ಲಿ ನಡೆದ ಕಾಳಗಕ್ಕೆ ಬೆಳ್ಳಿಯ ಪದಕವೊಂದು ಸಂದಿತು. ಆದರೆ ಅದು ಸಂದದ್ದು 34 ವರ್ಷಗಳ ನಂತರ.

ಗುಡ್ಡಕ್ಕೂ ಸರಾಫಾ ಬಜಾರಿಗೂ ನಡುವಣ ಈ ಅಲ್ಪ ದೂರ ನಮ್ಮ ವಿಷಯಕ್ಕೆ ಅರ್ಥಪೂರ್ಣವಾಗಿದೆ. ಸಿಪಾಯಿಯ ಪದಕ ಅವನ ಮಕ್ಕಳ ಅಥವಾ ಮೊಮ್ಮಕ್ಕಳ ಕಾಲಕ್ಕೆ ಕಷ್ಟದ ದಿನವೊಂದರಲ್ಲಿ ಸರಾಫನ ತಕ್ಕಡಿಗೆ ಬರುವುದು ಈ ದೇಶದ ಯಾವ ಪೇಟೆಗೂ ಹೊಸತಲ್ಲ. ತಕ್ಕಡಿಯಲ್ಲಿ ಬೆಳ್ಳಿಗೆ ತೂಕವಿದೆ. ಅಂಚಿನಲ್ಲಿ ಕೊರೆದ ಅಕ್ಷರಗಳಿಗೆ ತೂಕವಿಲ್ಲ. ಆದರೆ ಚರಿತ್ರೆಯನ್ನು ಓದುವವರಿಗೆ ಬೇಕಾದದ್ದು ಆ ಅಂಚೇ. ಪದಕದ ಮುಖದಲ್ಲಿ ಪ್ರಭುವಿನ ಬಿಂಬವಿರುತ್ತದೆ, ಹಿಂಬದಿಯಲ್ಲಿ ಪ್ರಭುತ್ವದ ವಿಜಯವಿರುತ್ತದೆ; ಸಿಪಾಯಿಯ ಹೆಸರಿಗೆ ಉಳಿಯುವ ಸ್ಥಳ ಅಂಚು ಮಾತ್ರ. ಈ ಲೇಖನದಲ್ಲಿ ನಾವು ನಾಗಪುರದ ಪದಕವನ್ನು ಮುಂದಿಟ್ಟುಕೊಂಡು, ಕನ್ನಡನಾಡಿನ ವೀರಗಲ್ಲುಗಳ ಪರಂಪರೆಯೊಡನೆ ಅದನ್ನು ಹೋಲಿಸಿ, ಸಾಮಾನ್ಯ ಯೋಧನ ಸೇವಾಜೀವನವನ್ನು ಈ ಎರಡು ಬಗೆಯ ದಾಖಲೆಗಳು ಎಷ್ಟರಮಟ್ಟಿಗೆ ಹೇಳುತ್ತವೆ ಎಂಬುದನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ.

2

ಮೊದಲು ಘಟನೆಯನ್ನು ಸಂಕ್ಷೇಪವಾಗಿ ನೋಡಬಹುದು. ಮೂರನೆಯ ಆಂಗ್ಲ-ಮರಾಠಾ ಯುದ್ಧದ ಕಾಲದಲ್ಲಿ ನಾಗಪುರದ ಅರಸನಾಗಿದ್ದವನು ಅಪ್ಪಾ ಸಾಹೇಬನೆಂದು ಹೆಸರಾದ ಎರಡನೆಯ ಮುಧೋಜಿ ಭೋಸಲೆ. ಕಂಪನಿಯ ರೆಸಿಡೆಂಟನಾಗಿದ್ದವನು ರಿಚರ್ಡ್ ಜೆಂಕಿನ್ಸ್. 1817ರ ನವೆಂಬರ್ 26ರ ಸಂಜೆ ಆರಂಭವಾದ ಹೋರಾಟ 27ರ ಮಧ್ಯಾಹ್ನದವರೆಗೂ ನಡೆಯಿತು. ಗುಡ್ಡಗಳ ಮೇಲಿದ್ದ ಕಂಪನಿಯ ಪಡೆಯಲ್ಲಿ ಮದರಾಸು ಸೈನ್ಯದ 20 ಮತ್ತು 24ನೆಯ ರೆಜಿಮೆಂಟುಗಳ ಮೊದಲ ಬೆಟಾಲಿಯನ್‌ಗಳು, ಬಂಗಾಳದ 6ನೆಯ ಲಘು ಅಶ್ವದಳದ ಮೂರು ತುಕಡಿಗಳು, ರೆಸಿಡೆಂಟನ ಅಂಗರಕ್ಷಕ ದಳ ಇದ್ದವು. ಎಲ್ಲ ಸೇರಿ ಸುಮಾರು 1,300ರಿಂದ 1,400 ಜನ. ಎದುರಿಗಿದ್ದ ಭೋಸಲೆಯ ಸೈನ್ಯ ಬ್ರಿಟಿಷ್ ಬರಹಗಳ ಲೆಕ್ಕದಲ್ಲಿ 18,000ದಷ್ಟು; ಅದರ ಮುಂಚೂಣಿಯಲ್ಲಿ ಅರಬ್ ಪದಾತಿಗಳಿದ್ದರು. ಎರಡನೆಯ ದಿನ ಬೆಳಿಗ್ಗೆ ಚಿಕ್ಕ ಗುಡ್ಡ ಅರಬರ ವಶವಾಯಿತು. ಕ್ಯಾಪ್ಟನ್ ಫಿಟ್ಜ್‌ಜೆರಾಲ್ಡನ ಕುದುರೆ ತುಕಡಿಗಳ ಏರಾಟ, ಅರಬರ ನಡುವೆ ಸಿಡಿದ ಮದ್ದಿನ ಬಂಡಿ ಇವುಗಳಿಂದ ದಿನದ ಗತಿ ಬದಲಾಗಿ ಆ ಗುಡ್ಡ ಮರಳಿ ಕಂಪನಿಯ ಕೈಸೇರಿತು. ಕಂಪನಿಯ ಪಡೆಯಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ 367 ಮಂದಿ. ನಾಲ್ವರಲ್ಲಿ ಒಬ್ಬನಿಗೆ ಪೆಟ್ಟು ಬಿದ್ದಿತ್ತೆಂದರೆ ಆ ರಾತ್ರಿಯ ಸ್ವರೂಪ ತಿಳಿಯುತ್ತದೆ.

ಡಿಸೆಂಬರ್ 16ರಂದು ಅಪ್ಪಾ ಸಾಹೇಬ ರೆಸಿಡೆಂಟನ ಬಳಿಗೆ ಬಂದರೂ ಅವನ ಸೈನ್ಯ ಶರಣಾಗಲಿಲ್ಲ. ಅಂದೇ ಜನರಲ್ ಡವ್‌ಟನ್ನನ ಪಡೆಯೊಡನೆ ನಾಗಪುರದ ಕಾಳಗ ನಡೆಯಿತು. ಸೋತ ಮೇಲೂ ಅರಬರು ಪೇಟೆಯನ್ನು ಬಿಡದೆ ಕೋಟೆಯಂತೆ ಹಿಡಿದು ನಿಂತರು. ಡಿಸೆಂಬರ್ 24ರಂದು ಜುಮ್ಮಾ ದರವಾಜೆಯ ಮೇಲೆ ನಡೆದ ದಾಳಿ ವಿಫಲವಾಯಿತು. ಕೊನೆಗೆ ಸುರಕ್ಷಿತವಾಗಿ ಹೊರಹೋಗುವ ಕರಾರಿನ ಮೇಲೆ ಅವರು 30ರಂದು ನಗರವನ್ನು ತೊರೆದರು. ಸಂತೆಯ ಪೇಟೆಗಳು ಆ ವಾರಗಳಲ್ಲಿ ಮುತ್ತಿಗೆಗೊಳಗಾದ ಊರಿನ ಕೇರಿಗಳಾಗಿದ್ದವು ಎಂಬುದನ್ನು ಇತವಾರಿಯಲ್ಲಿ ನಿಂತವರು ಇಂದು ಊಹಿಸಿಕೊಳ್ಳಬೇಕಷ್ಟೆ.

3

ಈ ಕಾಳಗದ ಮರುವರ್ಷ ನಡೆದ ಒಂದು ಘಟನೆ, ಗೌರವವೆಂಬುದು ಸಿಪಾಯಿಗೆ ಏನಾಗಿತ್ತೆಂಬುದನ್ನು ಯಾವ ಪದಕಕ್ಕಿಂತಲೂ ಸ್ಪಷ್ಟವಾಗಿ ತಿಳಿಸುತ್ತದೆ. 24ನೆಯ ರೆಜಿಮೆಂಟು ಎಂಬ ಅಂಕಿಯ ಹಿಂದೆ ಒಂದು ಕಳಂಕವಿತ್ತು. 1806ರ ಜುಲೈ 10ರಂದು ವೆಲ್ಲೂರಿನ ಕೋಟೆಯಲ್ಲಿ, ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ಸ್ಥಳದಲ್ಲೇ, ಹೊಸ ಬಗೆಯ ಪಾಗಿನ ಹಾಗೂ ಹಣೆಯ ಲಾಂಛನ, ಗಡ್ಡಗಳನ್ನು ಕುರಿತ ಆಜ್ಞೆಗಳಿಂದ ಕೆರಳಿದ ಸಿಪಾಯಿಗಳು ದಂಗೆಯೆದ್ದಿದ್ದರು. ಅದರಲ್ಲಿ ಭಾಗಿಯಾದ 1ನೆಯ ರೆಜಿಮೆಂಟಿನ ಹೆಸರನ್ನೇ ಸೈನ್ಯದ ಪಟ್ಟಿಯಿಂದ ಅಳಿಸಲಾಯಿತು. ನಿಷ್ಠರೆಂದು ಎಣಿಸಲ್ಪಟ್ಟು ಉಳಿದವರಿಗೆ 1807ರಲ್ಲಿ 24 ಎಂಬ ಹೊಸ ಅಂಕಿ ಬಂತು. 1758ರಿಂದ ಬಂದ ದಳವೊಂದು ಹೀಗೆ ಪಟ್ಟಿಯ ತುದಿಗೆ ಸರಿಯಿತು.

ಸೀತಾಬರ್ಡಿಯ ನಂತರ ಈ ಸಿಪಾಯಿಗಳು ಬೇಡಿದ್ದು ತಮ್ಮ ಹಳೆಯ ಅಂಕಿಯನ್ನು, ಅದರೊಡನೆ ಸಮವಸ್ತ್ರದ ಹಳೆಯ ಬಣ್ಣದಂಚನ್ನು. ಆ ಬೇಡಿಕೆ ಸಂದಿತು. 1818ರಲ್ಲಿ ಅವರು ಮತ್ತೆ 1ನೆಯ ರೆಜಿಮೆಂಟಿನ ಮೊದಲ ಬೆಟಾಲಿಯನ್ ಆದರು. ಮುಂದೆ ಮದರಾಸು ಪಯೊನೀರ್ಸ್, 61ನೆಯ ಪಯೊನೀರ್ಸ್ ಎಂಬ ಹೆಸರುಗಳನ್ನು ಪಡೆದು 1933ರಲ್ಲಿ ವಿಸರ್ಜಿತವಾಗುವವರೆಗೂ ಈ ದಳದ ಯುದ್ಧಗೌರವಗಳಲ್ಲಿ ಸೀತಾಬರ್ಡಿ, ನಾಗಪುರ ಎಂಬ ಹೆಸರುಗಳಿದ್ದವು. ಹಿರಿಯರು ಕಳೆದುಕೊಂಡ ಅಂಕಿಯನ್ನು ಕಿರಿಯರು ರಕ್ತ ಕೊಟ್ಟು ಮರಳಿ ಪಡೆದರೆಂಬುದು ಇದರ ತಾತ್ಪರ್ಯ. ಆ ರಕ್ತ ಯಾರ ಪಕ್ಷಕ್ಕೆ ಸಂದಿತೆಂಬ ಪ್ರಶ್ನೆ ಬೇರೆ. ಆದರೆ ಸಿಪಾಯಿಯನ್ನು ಕೇವಲ ಕೂಲಿಯಾಳೆಂದು ಬಗೆಯುವ ಇತಿಹಾಸಕಾರರು ಈ ಬೇಡಿಕೆಯನ್ನು ವಿವರಿಸಬೇಕಾಗುತ್ತದೆ.

4

ಪದಕ ಬಂದದ್ದು 1851ರಲ್ಲಿ. ಆರ್ಮಿ ಆಫ್ ಇಂಡಿಯಾ ಪದಕವೆಂದು ಕರೆಯಲಾದ ಇದನ್ನು ಈಸ್ಟ್ ಇಂಡಿಯಾ ಕಂಪನಿ ತನ್ನ ಹಳೆಯ ಯುದ್ಧಗಳಲ್ಲಿ ಭಾಗವಹಿಸಿ ಆ ಹೊತ್ತಿಗೆ ಜೀವಂತರಾಗಿದ್ದವರಿಗಾಗಿ ಹೊರಡಿಸಿತು. ಮುಂಭಾಗದಲ್ಲಿ ವಿಲಿಯಂ ವಯನ್ ಕಡೆದ ವಿಕ್ಟೋರಿಯಾ ರಾಣಿಯ ಶಿರ, ಹಿಂಭಾಗದಲ್ಲಿ ಕುಳಿತ ವಿಜಯದೇವತೆ, ಕೆಳಗೆ 1799–1826 ಎಂಬ ವರ್ಷಗಳು, ತಿಳಿನೀಲಿಯ ಪಟ್ಟಿ. ಆ ಪಟ್ಟಿಯ ಮೇಲೆ ಕಾಳಗದ ಹೆಸರು ಬರೆದ ಅಡ್ಡಪಟ್ಟಿಗಳು ಒಟ್ಟು 21 ಬಗೆಯವು. ಅವುಗಳಲ್ಲಿ ಮೂರು ನಾಗಪುರಕ್ಕೆ ಸೇರಿದವು: ಸೀತಾಬರ್ಡಿಯಲ್ಲಿ ಮಾತ್ರ ಹೋರಾಡಿದವರಿಗೆ ಒಂದು, ನಾಗಪುರದ ಕಾಳಗದಲ್ಲಿ ಮಾತ್ರ ಇದ್ದವರಿಗೆ ಒಂದು, ಎರಡರಲ್ಲೂ ಇದ್ದವರಿಗೆ ಎರಡೂ ಹೆಸರುಗಳನ್ನು ಸೇರಿಸಿ ಬರೆದ ಇನ್ನೊಂದು. ಪಡೆದವನ ಹೆಸರೂ ದಳವೂ ಅಂಚಿನಲ್ಲಿ.

ಕಾಳಗದ ದಿನ 20 ವರ್ಷದವನಾಗಿದ್ದ ಸಿಪಾಯಿ 1851ರಲ್ಲಿ 54 ವರ್ಷದವನು. ಅಂದು ಗುಡ್ಡದ ಮೇಲೆ ಸತ್ತವನಿಗೆ ಈ ಪದಕವಿಲ್ಲ. ಮಧ್ಯದ 34 ವರ್ಷಗಳಲ್ಲಿ ಜ್ವರದಿಂದಲೋ ಮುಪ್ಪಿನಿಂದಲೋ ಸತ್ತವನಿಗೂ ಇಲ್ಲ. ಪದಕ ಅಳೆದದ್ದು ಶೌರ್ಯವನ್ನಲ್ಲ, ಆಯುಷ್ಯವನ್ನು ಎಂದರೆ ಅತಿಶಯೋಕ್ತಿಯಾಗಲಾರದು. ಅದನ್ನು ಪಡೆದ ಮುದುಕನ ಕಣ್ಣೆದುರಿಗೆ, ಎರಡು ಮೂರು ವರ್ಷಗಳೊಳಗೆ, ಮೂರನೆಯ ರಘೋಜಿ ತೀರಿಕೊಂಡು 1854ರಲ್ಲಿ ನಾಗಪುರದ ರಾಜ್ಯವೇ ಕಂಪನಿಯ ಪಾಲಾಯಿತು.

ಆ 34 ವರ್ಷಗಳ ಜೀವನ ಹೇಗಿತ್ತು? ಸಿಪಾಯಿಯ ಸಂಬಳ ತಿಂಗಳಿಗೆ 7 ರೂಪಾಯಿ. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಈ ಅಂಕಿ ಕದಲಲಿಲ್ಲ; 1895ರಲ್ಲಿ 9 ರೂಪಾಯಿ, 1911ರಲ್ಲಿ 11 ರೂಪಾಯಿ ಆಯಿತು. ಊಟದ ಖರ್ಚು ಇದರಲ್ಲೇ ನಡೆಯಬೇಕು. ಮದರಾಸು ಸೈನ್ಯದ ವಿಶೇಷವೆಂದರೆ ಸಿಪಾಯಿಯ ಸಂಸಾರವೂ ದಳದೊಡನೆಯೇ ಸಾಗುತ್ತಿದ್ದದ್ದು. ಹೆಂಡತಿ ಮಕ್ಕಳು, ಮುದುಕರು ದಂಡಿನ ಕೇರಿಯಲ್ಲೇ ಇರುತ್ತಿದ್ದರು. ಸಿಪಾಯಿಗಳ ಗಂಡುಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಕಡಿಮೆ ಸಂಬಳದ ಮೇಲೆ ದಳಕ್ಕೆ ಸೇರಿಸಿಕೊಳ್ಳುವ ಪದ್ಧತಿಯಿತ್ತು. ನಾಗಪುರದ ಉತ್ತರಕ್ಕೆ ಕನ್ಹಾನ್ ನದಿಯ ದಡದಲ್ಲಿ 1821ರಲ್ಲಿ ನೆಲೆಗೊಂಡ ಕಾಮಠಿಯ ದಂಡು ಬಹುಕಾಲ ಮದರಾಸು ದಳಗಳ ಠಾಣ್ಯವಾಗಿತ್ತು. ಹೀಗೆ ದಕ್ಷಿಣದ ಭಾಷೆಗಳನ್ನಾಡುವ ಕುಟುಂಬಗಳು ವಿದರ್ಭದ ನಡುವೆ ಬೇರೂರಿದವು. ಪದಕದ ಅಂಚು ದಳದ ಅಂಕಿಯನ್ನು ಹೇಳುತ್ತದೆ, ಆದರೆ ಆ ಕೇರಿಯಲ್ಲಿ ಕಾಳಗದ ಮರುದಿನ ಗಂಡನನ್ನು ಹುಡುಕಿಕೊಂಡು ಹೊರಟ ಹೆಂಗಸಿನ ಬಗೆಗೆ ಹೇಳುವುದಿಲ್ಲ.

5

ಇಷ್ಟನ್ನು ಹೇಳಿದ ಮೇಲೆ ಕನ್ನಡದ ಕಡೆಗೆ ತಿರುಗುವುದು ಸಕಾರಣವಾಗಿದೆ. ಅದಕ್ಕೆ ಸೇತುವೆಯಾಗಿ ನಾಗಪುರದ ಹೆಸರೇ ದೊರೆಯುತ್ತದೆ. ಇಲ್ಲಿಗೆ ಸಮೀಪದ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ, ಶಕ 862ರ, ಎಂದರೆ ಕ್ರಿ.ಶ. 940ರ ತಾಮ್ರಪಟಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ನಾಗಪುರ-ನಂದಿವರ್ಧನ ವಿಷಯದ ಗ್ರಾಮವೊಂದನ್ನು ದಾನಮಾಡಿದ ವಿಷಯವಿದೆ. ಒಂದು ದಶಕದೊಳಗೆ ಇದೇ ಕೃಷ್ಣನ ಹೆಸರು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿ ಕಾಣಿಸುತ್ತದೆ. 949ರ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಕೃಷ್ಣನು ನಾಡುಗಳನ್ನೇ ಕೊಟ್ಟನು. ಬೂತುಗನ ಆಳಾದ ಮಣಲೇರನೂ ಮೆಚ್ಚುಗೆಗೆ ಪಾತ್ರನಾದನು. ಅವನು ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಎರಡೂ ಸತ್ತಾಗ ಅದಕ್ಕೇ ಕಲ್ಲು ನಿಲ್ಲಿಸಲಾಯಿತು. ಅದೇ ಕಲ್ಲು ಮಣಲೇರನಿಗೆ ಬಾಳ್ಗಚ್ಚಾಗಿ ಊರುಗಳು ದೊರೆತುದನ್ನೂ ಹೇಳುತ್ತದೆ.

ಬಾಳ್ಗಚ್ಚು ಎಂದರೆ ರಕ್ತ ಹತ್ತಿದ ಬಾಳನ್ನು ತೊಳೆದು ಕೊಡುವ ಉಂಬಳಿ. ಸತ್ತವನ ಮನೆತನಕ್ಕೆ ಕೊಡುವುದು ನೆತ್ತರುಗೊಡಗೆ. ವೀರನ ಹೆಸರಿನಲ್ಲಿ ಕಲ್ಲು ನೆಟ್ಟು ಬಿಡುವ ಭೂಮಿಗೆ ಕಲ್ನಾಡೆಂದು ಹೆಸರು. ಕಾಲಿಗೆ ಕಟ್ಟುವ ಗಂಡಪೆಂಡೆಯ, ಹಣೆಗೆ ಕಟ್ಟುವ ವೀರಪಟ್ಟಗಳು ಪದಕಕ್ಕೆ ಹತ್ತಿರದವು. ಆದರೆ ನೆಲದ ಕೊಡುಗೆಯೇ ಈ ವ್ಯವಸ್ಥೆಯ ಜೀವಾಳ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಬೇಗೂರಿನ ಕಲ್ಲು ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆಯೊಡನೆ ಕಾದಿ ನಾಗತ್ತರನು ಸತ್ತಾಗ, ಗಂಗ ಎರೆಯಪ್ಪನು ಇರುಗನಿಗೆ ನಾಗತ್ತರವಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಸತ್ತವನ ಹೆಸರೇ ಪದವಿಯಾಗಿ ಮುಂದಿನವನ ಹಣೆಗೇರಿತು. ಸೀತಾಬರ್ಡಿಯ ಸಿಪಾಯಿಗಳು ತಮ್ಮ ಹಿರಿಯರ ಅಂಕಿಯನ್ನು ಮರಳಿ ಬೇಡಿದಾಗ ಕೇಳಿದ್ದೂ ಬಹುಶಃ ಇಂತಹುದೇ ಒಂದು ಪಟ್ಟವನ್ನು.

ಹೋಲಿಕೆಯ ಮಿತಿಯನ್ನೂ ಹೇಳಬೇಕು. ನಾಗತ್ತರನಾಗಲಿ ಮಣಲೇರನಾಗಲಿ ತೀರ ಸಾಮಾನ್ಯರಲ್ಲ. ಅವರ ಹಿಂದೆ ಕಾದಿದ ಆಳುಗಳಿಗೆ ಅಂತಹ ಕಲ್ಲುಗಳಿಲ್ಲ. ಆದರೂ ತುರುಗೋಳಿನಲ್ಲಿ, ಊರಳಿವಿನಲ್ಲಿ ಸತ್ತ ಸಾವಿರಾರು ಜನ ಊರಿನವರ ಹೆಸರುಗಳನ್ನು ನಮ್ಮ ವೀರಗಲ್ಲುಗಳು ಉಳಿಸಿವೆ. ಅವು ನಿಂತಿರುವುದೂ ಅವರದೇ ಊರಿನಲ್ಲಿ. ವೀರಗಲ್ಲು ಮುಖ್ಯವಾಗಿ ಸತ್ತವನನ್ನು ನೆನೆಯುತ್ತದೆ, ಊರಿನ ಕಣ್ಣೆದುರಿಗೆ ನಿಲ್ಲುತ್ತದೆ, ಮನೆತನಕ್ಕೆ ಅನ್ನದ ದಾರಿಯನ್ನು ತೋರಿಸುತ್ತದೆ. 1851ರ ಪದಕ ಬದುಕಿದವನನ್ನು ಮಾತ್ರ ಗುರುತಿಸುತ್ತದೆ, ಅವನ ಎದೆಯ ಮೇಲೆ ತೂಗುತ್ತದೆ, ಅನ್ನಕ್ಕೆ ಬೇಕಾದಾಗ ಕರಗುತ್ತದೆ. ಒಂದು ಸಾವಿನ ಕ್ಷಣವನ್ನೂ ಇನ್ನೊಂದು ಬದುಕುಳಿದುದನ್ನೂ ದಾಖಲಿಸುತ್ತದೆಯೇ ಹೊರತು ಎರಡರ ನಡುವಣ ದೀರ್ಘ ಚಾಕರಿಯನ್ನು ಎರಡೂ ಹೇಳುವುದಿಲ್ಲ. ಸಾಮಾನ್ಯ ಯೋಧನ ಜೀವನವಿರುವುದು ಅಲ್ಲಿಯೇ.

6

ಲೋಹವೂ ಒಂದು ಭಾಷೆ. ಶ್ರೀರಂಗಪಟ್ಟಣದ ಪತನಕ್ಕಾಗಿ ಬರ್ಮಿಂಗ್‌ಹ್ಯಾಮಿನ ಬೋಲ್ಟನ್ನನ ಟಂಕಸಾಲೆಯಲ್ಲಿ ಅಚ್ಚಾದ ಪದಕದಲ್ಲಿ ಹುಲಿಯನ್ನು ಮೆಟ್ಟಿದ ಸಿಂಹದ ಚಿತ್ರವಿದೆ. 1799ರ ಮೇ 4 ಅದರ ದಿನ. ಚಿತ್ರ ಎಲ್ಲರಿಗೂ ಒಂದೇ, ಲೋಹ ಮಾತ್ರ ಬೇರೆ: ಜನರಲ್‌ಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ಲೇಪದ ಬೆಳ್ಳಿ, ಬಳಿಕ ಬೆಳ್ಳಿ, ಕಂಚು, ಕೊನೆಯಲ್ಲಿ ಸಾಮಾನ್ಯ ಸೋಲ್ಜರನಿಗೂ ಸಿಪಾಯಿಗೂ ತವರ. ಒಂದು ಶತಮಾನದ ನಂತರವೂ ಈ ಶ್ರೇಣಿ ಅಳಿದಿರಲಿಲ್ಲ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಪದಕ ಯೋಧರಿಗೆ ಬೆಳ್ಳಿಯದಾದರೆ, ಭಾರತದ ಕೂಲಿ ದಳಗಳವರಿಗೆ ಕಂಚಿನದು.

1837ರಲ್ಲಿ ಕಂಪನಿ ಸ್ಥಾಪಿಸಿದ ಆರ್ಡರ್ ಆಫ್ ಮೆರಿಟ್ ಇದಕ್ಕೆ ಅಪವಾದವೆನ್ನಬಹುದು. ಮೂರು ದರ್ಜೆಗಳ ಈ ಶೌರ್ಯಪದಕದೊಡನೆ ಸಂಬಳದ ಹೆಚ್ಚಳವೂ ಇತ್ತು. ಪಡೆದವನು ಸತ್ತರೆ ವಿಧವೆಗೆ ಮೂರು ವರ್ಷ ಆ ಭತ್ಯ ಸಲ್ಲುತ್ತಿತ್ತು. ನೆತ್ತರುಗೊಡಗೆಯ ಮಸುಕು ನೆರಳು ಇಲ್ಲಿದೆ. ಆದರೆ ನೆಲದ ಬದಲು ಮೂರು ವರ್ಷಗಳ ಹಣ.

ಯಾರಿಗೆ ಪದಕವಿಲ್ಲ ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ಭೋಸಲೆಯ ಪಕ್ಷದಲ್ಲಿ ಸತ್ತ ಮರಾಠರಿಗೂ ಅರಬರಿಗೂ ಯಾವ ಅಂಚೂ ಇಲ್ಲ. ಅವರ ಅರಸನೇ ತಲೆಮರೆಸಿಕೊಂಡು ಅಲೆದು 1840ರಲ್ಲಿ ಜೋಧಪುರದಲ್ಲಿ ತೀರಿಕೊಂಡನು. ಪದಕದ ಮೇಲಿನ 1799–1826 ಎಂಬ ಅವಧಿಯೊಳಗೇ 1824ರ ಕಿತ್ತೂರಿನ ಹೋರಾಟ ನಡೆದಿದೆ; ಆದರೆ 21 ಅಡ್ಡಪಟ್ಟಿಗಳಲ್ಲಿ ಕಿತ್ತೂರಿನ ಹೆಸರಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಆ ಕಾಳಗವನ್ನು ಕಂಪನಿ ನೆನೆಯಬಯಸಲಿಲ್ಲ. ಅದನ್ನು ನೆನೆದದ್ದು ಲಾವಣಿ. ನಾಗಪುರದ ಕಾಳಗದ ಐದನೆಯ ದಿನ, 1817ರ ಡಿಸೆಂಬರ್ 21ರಂದು, ಮಾಳವದ ಮಹಿದಪುರದಲ್ಲಿ ಹೋಳ್ಕರನ ವಿರುದ್ಧ ಮೈಸೂರಿನ ಸಿಲ್ಲೇದಾರ ಕುದುರೆದಳವೂ ಕಾದಿತು. ಸಿಲ್ಲೇದಾರನೆಂದರೆ ಕುದುರೆಯನ್ನೂ ಆಯುಧವನ್ನೂ ತಾನೇ ತರುವ ಸವಾರ. ಕುದುರೆ ಸತ್ತರೆ ಅವನ ಜೀವನೋಪಾಯವೇ ಸತ್ತಂತೆ. ಇಂತಹವನ ಲೆಕ್ಕ ಪದಕದಲ್ಲಿ ಸಿಗುವಂತಹುದಲ್ಲ, ದಫ್ತರಗಳ ಸಂಬಳಪಟ್ಟಿಗಳಲ್ಲಿ ಅರಸಬೇಕಾದದ್ದು.

7

ಸ್ವತಂತ್ರ ಭಾರತದ ಪದಕಗಳು ಈ ದೃಷ್ಟಿಯಿಂದ ಹೆಚ್ಚು ಮಾತನಾಡುತ್ತವೆ. ಪರಮವೀರಚಕ್ರದಂತಹ ಶೌರ್ಯಪದಕಗಳು ಕೆಲವರಿಗೆ ಮಾತ್ರ. ಉಳಿದ ಲಕ್ಷಾಂತರ ಜವಾನರ ಎದೆಯ ಮೇಲಿರುವುದು ಸೇವಾಪದಕಗಳ ಸಾಲು. ಒಂದು ಸಾಲನ್ನು ಊಹಿಸೋಣ: 1965ರ ರಕ್ಷಾ ಪದಕ, 1971ರ ಸಂಗ್ರಾಮ ಪದಕ, 1972ರ ಸ್ವಾತಂತ್ರ್ಯದ 25ನೆಯ ವರ್ಷದ ಪದಕ, 9 ವರ್ಷ ಮತ್ತು 20 ವರ್ಷಗಳ ದೀರ್ಘಸೇವಾ ಪದಕಗಳು. ಧರಿಸಿದವನು 1965ರ ಯುದ್ಧದ ಹೊತ್ತಿಗೆ ದಳದಲ್ಲಿದ್ದನು, ಎರಡು ಯುದ್ಧಗಳನ್ನು ಕಂಡನು, 20 ವರ್ಷ ದುಡಿದನು ಎಂಬುದನ್ನು ಒಂದು ಕಾಗದವನ್ನೂ ನೋಡದೆ ಹೇಳಬಹುದು. ಅಂಚಿನಲ್ಲಿ ಅವನ ಸಂಖ್ಯೆ, ಹುದ್ದೆ, ಹೆಸರು, ದಳಗಳಿರುತ್ತವೆ. ಒಂದು ಪದಕದಲ್ಲಿ ಸಿಪಾಯಿ, ಇನ್ನೊಂದರಲ್ಲಿ ನಾಯಕ, ಮತ್ತೊಂದರಲ್ಲಿ ಹವಾಲ್ದಾರನೆಂದಿದ್ದರೆ ಅವನ ಬಡ್ತಿಯ ಕಥೆಯೂ ಅಲ್ಲೇ ಇದೆ. ಈ ಪದಕಗಳಲ್ಲಿ ಹೆಚ್ಚಿನವು ತಾಮ್ರ-ನಿಕ್ಕಲಿನ ಮಿಶ್ರಲೋಹದವು, ಸರಾಫನಿಗೆ ಬೇಡದವು. ಅದೇ ಅವುಗಳ ಭಾಗ್ಯವೆನ್ನಬಹುದೇನೋ.

ಆದರೂ ಅಂಚು ಹೇಳದ ಎರಡು ವಿಷಯಗಳಿವೆ: ಊರು ಮತ್ತು ತಾಯ್ನುಡಿ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದಲ್ಲಿ ಸೇವೆ ಸಲ್ಲಿಸಿದ ಕನ್ನಡಿಗನ ಪದಕದ ಮೇಲೆ ಮರಾಠಾ ಎಂದಿರುತ್ತದೆ. ಮದರಾಸು ರೆಜಿಮೆಂಟಿನವನ ಪದಕದ ಮೇಲೆ ಮದರಾಸು ಎಂದಿರುತ್ತದೆ. ಕನ್ನಡಿಗನೆಂಬ ಗುರುತು ಮನೆಯವರ ಮಾತಿನಲ್ಲಿ ಮಾತ್ರ ಉಳಿದಿರುತ್ತದೆ. ಹೊರನಾಡಿನಲ್ಲಿರುವ ಸಂಶೋಧಕರ ಕೆಲಸ ಮುಖ್ಯವಾಗುವುದು ಇಲ್ಲಿಯೇ. ಕಾಮಠಿ, ಸಿಕಂದರಾಬಾದ್, ಪುಣೆಗಳಂತಹ ದಂಡಿನ ಊರುಗಳಲ್ಲಿ ನೆಲೆನಿಂತ ಕನ್ನಡ ಕುಟುಂಬಗಳ ಪೆಟ್ಟಿಗೆಗಳಲ್ಲಿ ಇರಬಹುದಾದ ಪದಕಗಳ ಅಂಚುಗಳನ್ನು, ಶಾಸನವನ್ನು ಪಡಿಯಚ್ಚು ತೆಗೆಯುವ ಶ್ರದ್ಧೆಯಿಂದಲೇ, ಇದ್ದಂತೆ ಬರೆದುಕೊಳ್ಳಬೇಕು. ಹೆಸರಿನ ತಪ್ಪು ಕಾಗುಣಿತವನ್ನು ತಿದ್ದಬಾರದು. ಆ ತಪ್ಪೂ ಭರ್ತಿಯ ದಿನ ಗುಮಾಸ್ತನ ಕಿವಿಗೆ ಕೇಳಿದುದರ ಸಾಕ್ಷಿ. ಅದರ ಪಕ್ಕದಲ್ಲೇ ಮನೆಯವರು ಹೇಳುವ ಊರಿನ ಹೆಸರನ್ನೂ ಪಿಂಚಣಿಯ ವಿಷಯವನ್ನೂ ಬರೆದಿಡಬೇಕು.

ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಿಲ್ಲದಿದ್ದರೆ ನಮ್ಮ ವೀರಗಲ್ಲುಗಳಲ್ಲಿ ಬಹುಪಾಲು ಇಂದು ಬಟ್ಟೆ ಒಗೆಯುವ ಕಲ್ಲುಗಳಾಗಿ, ಮೆಟ್ಟಿಲುಗಳಾಗಿ ಸವೆದು ಹೋಗುತ್ತಿದ್ದವು. ಕಲ್ಲಿಗೆ ಸಂದ ಆ ಆರೈಕೆ ಈ ಸಣ್ಣ ಲೋಹದ ಬಿಲ್ಲೆಗಳಿಗೆ ಇನ್ನೂ ಸಂದಿಲ್ಲ. ಕಲ್ಲಾದರೋ ಸವೆಯಲು ಶತಮಾನಗಳು ಬೇಕು. ಬೆಳ್ಳಿ ಕರಗಲು ಇತವಾರಿಯ ಕುಲುಮೆಯಲ್ಲಿ ಕೆಲವು ನಿಮಿಷಗಳು ಸಾಕು.